ನಕ್ಷೆಯಲ್ಲಿ ಜಿಂಕೆ ಹುಡುಕುವವರು

ಬೇಟೆಗೆ ಕೋವಿ ಒಯ್ಯುವವರಿದ್ದಾರೆ, ನಾಯಿ ಒಯ್ಯುವವರಿದ್ದಾರೆ. 2021ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಿಂದ ವಯೋಮಿಂಗ್‌ಗೆ ಹೊರಟ ನಾಲ್ವರು ಬೇಟೆಗಾರರು ಮಾತ್ರ ಕಬ್ಬಿಣದ ಏಣಿಯೊಂದನ್ನು ಮಾಡಿಸಿ ಒಯ್ದರು.

ಏಣಿ ಬೇಕಾಗಿದ್ದದ್ದು ಮರಕ್ಕಲ್ಲ, ಬಂಡೆಗೂ ಅಲ್ಲ. ಎಲ್ಕ್ ಮೌಂಟನ್ ಎಂಬ ಬೆಟ್ಟದ ಸೀಮೆಯಲ್ಲಿ ಎರಡು ಸರ್ಕಾರಿ ಜಮೀನುಗಳು ಮೂಲೆಗೆ ಮೂಲೆ ತಾಗುವ ಬಿಂದುವೊಂದಿದೆ. ಅದೇ ಬಿಂದುವಿಗೆ ಬಂದು ಸೇರುವ ಉಳಿದೆರಡು ಮೂಲೆಗಳು ಒಬ್ಬ ಔಷಧ ಉದ್ಯಮಿಯ ಇಪ್ಪತ್ತು ಸಾವಿರ ಎಕರೆಗೂ ಮಿಕ್ಕಿದ ರ್‍ಯಾಂಚಿನವು. ಇವರು ಬಿಂದುವಿನ ಮೇಲೆ ಏಣಿ ನಿಲ್ಲಿಸಿ, ಈಚೆಯ ಸರ್ಕಾರಿ ನೆಲದಿಂದ ಹತ್ತಿ ಆಚೆಯ ಸರ್ಕಾರಿ ನೆಲಕ್ಕೆ ಇಳಿದರು. ಖಾಸಗಿ ಮಣ್ಣಿಗೆ ಅಂಗಾಲು ಸೋಕಲಿಲ್ಲ.

ಜಮೀನುದಾರ ಬಿಡಲಿಲ್ಲ. ಕಾಲು ತಾಗದಿದ್ದರೇನು, ನೆಲದ ಮೇಲಿನ ಗಾಳಿಯೂ ತನ್ನದೇ, ಇವರ ಮೈ ಆ ಗಾಳಿಯನ್ನು ಹಾಯ್ದು ಹೋಗಿದೆ ಎಂಬುದು ಅವರ ತಕರಾರು. 2022ರಲ್ಲಿ ಅಲ್ಲಿನ ಜ್ಯೂರಿ ನಾಲ್ವರನ್ನೂ ಅತಿಕ್ರಮ ಪ್ರವೇಶದ ಆರೋಪದಿಂದ ಖುಲಾಸೆ ಮಾಡಿತು. ಸಿವಿಲ್ ದಾವೆ ಮೇಲಕ್ಕೆ ಹೋಯಿತು. ಹೀಗೆ ಮೂಲೆ ದಾಟಬಹುದು ಎಂದಾದರೆ ತನ್ನ ಆಸ್ತಿಯ ಬೆಲೆಯೇ ಹತ್ತಾರು ಲಕ್ಷ ಡಾಲರ್ ಇಳಿಯುತ್ತದೆ ಎಂದು ಮಾಲೀಕರು ವಾದಿಸಿದರು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು 1885ರ ಬೇಲಿ ಕಾಯ್ದೆಯೊಂದರ ಧೂಳು ಕೊಡವಿ, ಸಾರ್ವಜನಿಕರ ನೆಲಕ್ಕೆ ಹೋಗುವವರನ್ನು ಹೀಗೆ ಅಡ್ಡಗಟ್ಟುವಂತಿಲ್ಲ ಎಂದು ತೀರ್ಪಿತ್ತಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಬಾಂದುಕಲ್ಲು ಗೇಣು ಸರಿದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುವ ನಮ್ಮವರಿಗೆ ಈ ಜಗಳದಲ್ಲಿ ಸೋಜಿಗವೇನೂ ಇರಲಾರದು. ನನಗೆ ಸೋಜಿಗವಾಗಿದ್ದು ಅವರು ಅಲ್ಲಿಗೇ ಏಕೆ ಹೋದರು ಎಂಬುದು. ಬೇರೆ ಬೇಟೆಗಾರರು ಬರದ ಜಾಗ ಅವರಿಗೆ ಬೇಕಿತ್ತು. ಆ ಜಾಗಕ್ಕೆ ಜನ ಬಾರದಂತೆ ಮಾಡಿದ್ದದ್ದು ಬೆಟ್ಟದ ಎತ್ತರವೂ ಅಲ್ಲ, ಹೊಳೆಯ ಸೆಳವೂ ಅಲ್ಲ. ನೂರ ಅರವತ್ತು ವರ್ಷ ಹಳೆಯ ಒಂದು ಭೂದಾಖಲೆ.

1862ರ ಪೆಸಿಫಿಕ್ ರೈಲ್ವೆ ಕಾಯ್ದೆಯಲ್ಲಿ ಅಮೆರಿಕದ ಸರ್ಕಾರ ಹಳಿ ಹಾಕುವ ಕಂಪನಿಗಳಿಗೆ ದುಡ್ಡಿನ ಜೊತೆಗೆ ನೆಲವನ್ನೂ ಕೊಟ್ಟಿತು. ಹಳಿಯ ಎರಡೂ ಬದಿಯ ನೆಲವನ್ನು ಚದರ ಮೈಲಿಯ ತುಂಡುಗಳಾಗಿ ಅಳೆದು, ಬೆಸ ಸಂಖ್ಯೆಯವು ಕಂಪನಿಗೆ, ಸಮ ಸಂಖ್ಯೆಯವು ಸರ್ಕಾರಕ್ಕೆ ಎಂದು ಹಂಚಿದರು. ಕಂಪನಿಯ ತುಂಡುಗಳು ಕಾಲಕ್ರಮದಲ್ಲಿ ರ್‍ಯಾಂಚುಗಳಾದವು. ಸರ್ಕಾರದ ತುಂಡುಗಳು ಸರ್ಕಾರದ್ದಾಗಿಯೇ ಉಳಿದರೂ ಅಲ್ಲಿಗೆ ಹೋಗಲು ದಾರಿ ಇಲ್ಲವಾಯಿತು. ಇಂದಿಗೂ ನಕ್ಷೆಯಲ್ಲಿ ದಕ್ಷಿಣ ವಯೋಮಿಂಗ್ ಚದುರಂಗದ ಹಾಸಿನಂತೆ ಕಾಣುತ್ತದೆ. ಹೀಗೆ ಮೂಲೆಯಲ್ಲಿ ಸಿಕ್ಕಿಕೊಂಡ ಸಾರ್ವಜನಿಕ ಭೂಮಿ ಇಡೀ ಪಶ್ಚಿಮ ಅಮೆರಿಕದಲ್ಲಿ 83 ಲಕ್ಷ ಎಕರೆ ಇದೆ ಎಂದು ಲೆಕ್ಕ ಹಾಕಿದ್ದು ಆನ್‌ಎಕ್ಸ್ ಎಂಬ ಕಂಪನಿ. ಬೇಟೆಗಾರರ ಮೊಬೈಲಿನಲ್ಲಿ ಯಾವ ನೆಲ ಯಾರದು ಎಂದು ತೋರಿಸುವ ನಕ್ಷೆ ಮಾರುವುದೇ ಅದರ ವ್ಯಾಪಾರ.

ಯಾರೂ ಹೋಗದ ಜಾಗವೊಂದನ್ನು ಹುಡುಕುವುದು ಅಮೆರಿಕದ ಪಶ್ಚಿಮದಲ್ಲಿ ಒಂದು ಚಳಿಗಾಲದ ಕಸುಬು. ಹುಡುಕುವವರು ತಾವು ಪ್ರಕೃತಿಯ ಮೂಲೆಗೆ ಹೋಗುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಅವರ ಬೆನ್ನ ಹಿಂದೆ ನಿಂತು ನಕ್ಷೆ ನೋಡಿದರೆ ಕಾಣುವುದು ಕಾಯ್ದೆ, ಕರಾರು, ಸರ್ವೆ ಗೆರೆ.

ಹೆಗಲ ಮೇಲೆ ಮನೆ

ಅವರಲ್ಲಿ ಬಹಳ ಮಂದಿ ಹುಡುಕುವ ಪ್ರಾಣಿ ಮ್ಯೂಲ್ ಡೀರ್. ಹೇಸರಗತ್ತೆಯದರಂಥ ದೊಡ್ಡ ಕಿವಿ, ಕರಿ ತುದಿಯ ಸಣ್ಣ ಬಾಲ, ಎರಡಾಗಿ ಕವಲೊಡೆದು ಆ ಎರಡೂ ಮತ್ತೆ ಕವಲಾಗುವ ಕೊಂಬು. ಬಲಿತ ಗಂಡು ನೂರು ಕಿಲೋ ಆಸುಪಾಸು ತೂಗುತ್ತದೆ; ನಮ್ಮ ಚುಕ್ಕೆ ಜಿಂಕೆಗಿಂತ ದಪ್ಪ, ಕಡವೆಗಿಂತ ಸಣ್ಣ. ಬೆದರಿದರೆ ನಾಲ್ಕೂ ಕಾಲನ್ನು ಒಟ್ಟಿಗೆ ನೆಲಕ್ಕೊದ್ದು ಚೆಂಡಿನ ಹಾಗೆ ಪುಟಿಯುತ್ತಾ ಹೋಗುತ್ತದೆ. ಬಂಡೆ, ಪೊದೆ, ಬಿದ್ದ ಮರಗಳ ಕಡಿದಾದ ಇಳಿಜಾರಿನಲ್ಲಿ ಬೆನ್ನಟ್ಟಿ ಬರುವ ಪ್ರಾಣಿಗೆ ಆ ಪುಟಿತದ ಮುಂದಿನ ಹೆಜ್ಜೆ ಎಲ್ಲಿ ಎಂದು ಊಹಿಸುವುದು ಕಷ್ಟ.

ಬೇಸಿಗೆಯಲ್ಲಿ ಬಲಿತ ಗಂಡುಗಳು ಹೆಣ್ಣುಗಳನ್ನೂ ಮರಿಗಳನ್ನೂ ಬಿಟ್ಟು ತಮ್ಮತಮ್ಮಲ್ಲೇ ಸಣ್ಣ ಗುಂಪು ಕಟ್ಟಿಕೊಂಡು ಮರಗಳ ಗಡಿಗಿಂತ ಮೇಲಿನ ಹುಲ್ಲುಬೋಗುಣಿಗಳಿಗೆ ಹತ್ತುತ್ತವೆ. ಪಶ್ಚಿಮ ವಯೋಮಿಂಗ್‌ನಲ್ಲಿ ಅದು ಒಂಬತ್ತು, ಹತ್ತು ಸಾವಿರ ಅಡಿಯ ಮಾತು. ಕೊಲೊರಾಡೊದಲ್ಲಿ ಹನ್ನೆರಡು ಸಾವಿರದವರೆಗೂ ಹೋಗುತ್ತವೆ. ಕೊಂಬಿನ ಮೇಲೆ ಆಗಿನ್ನೂ ಮಖಮಲ್ಲಿನಂಥ ತೊಗಲಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅದು ಸುಲಿದು ಬೀಳುತ್ತದೆ, ಬಯಲಲ್ಲಿ ನಿಲ್ಲುತ್ತಿದ್ದ ಗಂಡು ನಿಧಾನಕ್ಕೆ ಮರಗಳ ಮರೆ ಸೇರುತ್ತದೆ. ವಯೋಮಿಂಗ್ ರೇಂಜ್ ಎಂಬ ಬೆಟ್ಟಸಾಲಿನಲ್ಲಿ ಕೋವಿ ಬೇಟೆ ಶುರುವಾಗುವುದು ಸೆಪ್ಟೆಂಬರ್ 15ಕ್ಕೆ. ಆ ಕೆಲವು ದಿನಗಳಿಗಾಗಿ ಜನ ಗುಡಾರ, ಮಲಗುವ ಚೀಲ, ಒಲೆ, ಒಣಗಿಸಿದ ಊಟದ ಪೊಟ್ಟಣ, ದುರ್ಬೀನು, ಕೋವಿ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಹತ್ತುತ್ತಾರೆ. ಜೀಪಿಲ್ಲ, ಕುದುರೆಯಿಲ್ಲ, ಗೈಡ್ ಇಲ್ಲ. ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ಹೊರೆ, ತೆಳ್ಳಗಿನ ಗಾಳಿ.

ಬೇಟೆ ಎಂದರೆ ನಮಗೆ ನೆನಪಾಗುವುದು ಮೈಸೂರು ಅರಸರ ಕಾಲದ ಬಂಡೀಪುರ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್, ಇಲ್ಲವೇ ತಲೆಗೆ ಟಾರ್ಚು ಕಟ್ಟಿಕೊಂಡು ತಿರುಗಿ ಅರಣ್ಯ ಇಲಾಖೆಗೆ ಸಿಕ್ಕಿಬಿದ್ದವರ ಸುದ್ದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಣ್ಣುಬಿಟ್ಟ ತಲೆಮಾರಿಗೆ ಜಿಂಕೆ ಹೊಡೆಯುವುದೂ ಜಿಂಕೆ ಉಳಿಸುವುದೂ ಒಂದೇ ವಾಕ್ಯದಲ್ಲಿ ಬಂದರೆ ಗಂಟಲಲ್ಲಿ ಇಳಿಯುವುದಿಲ್ಲ. ನನಗೂ ಪೂರ್ತಿ ಇಳಿದಿಲ್ಲ. ಆದರೂ ಅಲ್ಲಿನ ಲೆಕ್ಕಾಚಾರ ತಿಳಿದಿರಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಮಾಂಸ, ತೊಗಲಿನ ವ್ಯಾಪಾರಕ್ಕೆ ಕೊಂದು ಕೊಂದು ಕಾಡು ಬರಿದಾದ ಮೇಲೆ ಅಮೆರಿಕ ಕಾಡುಮಾಂಸದ ಮಾರಾಟವನ್ನು ನಿಲ್ಲಿಸುತ್ತಾ ಬಂತು. ಇಂದು ಒಂದು ಜಿಂಕೆಗೆ ಒಂದು ಪರವಾನಗಿ ಚೀಟಿ, ಅದಕ್ಕೊಂದು ಸೀಮೆ, ಒಂದು ಅವಧಿ. ಬೇಡಿಕೆ ಇರುವ ಸೀಮೆಗಳಲ್ಲಿ ಚೀಟಿ ಲಾಟರಿಯಲ್ಲಿ ಎತ್ತುತ್ತಾರೆ, ಸೋತವರಿಗೆ ಮುಂದಿನ ಸಲಕ್ಕೆ ಅಂಕ ಸೇರಿಸುತ್ತಾರೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಬಂದೂಕು, ತೋಟಾಗಳ ಮೇಲಿನ ಶೇ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಜಿಂಕೆಗೆ ಕಾಲರ್ ಹಾಕುವ ವಿಜ್ಞಾನಿಯ ಸಂಬಳದಲ್ಲಿ ತೋಟಾ ಕೊಂಡವನ ಪಾಲೂ ಇದೆ.

ಕಂದು ಗೆರೆಗಳ ಓದು

ವಯೋಮಿಂಗ್ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಆರು ಲಕ್ಷ ದಾಟಿಲ್ಲ. ನೆಲದ ಅರ್ಧದಷ್ಟು ಕೇಂದ್ರ ಸರ್ಕಾರದ್ದು. ಇಡೀ ದೇಶದಲ್ಲಿ ಹೀಗೆ ಕೇಂದ್ರದ ಕೈಯಲ್ಲಿರುವುದು ಸುಮಾರು 64 ಕೋಟಿ ಎಕರೆ. ಅದರಲ್ಲಿ 19 ಕೋಟಿ ಫಾರೆಸ್ಟ್ ಸರ್ವೀಸ್‌ನ ಕಾಡು, 24 ಕೋಟಿಗೂ ಹೆಚ್ಚು ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಬಯಲು. ಈ ಎರಡನೆಯದರ ಬಹುಪಾಲು ವಲಸೆ ಬಂದ ರೈತರು ಬೇಡವೆಂದು ಬಿಟ್ಟುಹೋದದ್ದು. ಟಿಕೆಟ್ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಇದರ ಬಹುಪಾಲು ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದು, ಮಲಗಬಹುದು. ಅರಣ್ಯದ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ಚಾರಣ ಹೋಗಿ ಅಭ್ಯಾಸವಾದವರಿಗೆ ಇದೊಂದು ನಂಬಲಾಗದ ಸ್ವಾತಂತ್ರ್ಯ.

ಇಷ್ಟು ನೆಲದಲ್ಲಿ ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಜನವರಿ ಹೊತ್ತಿಗೆ, ಹೊರಗೆ ಹಿಮ ಬೀಳುವಾಗ, ಮನೆಯ ಮೇಜಿನ ಮೇಲೆ ಶುರುವಾಗುತ್ತದೆ. ಅಮೆರಿಕದ ಭೂಸರ್ವೇಕ್ಷಣೆ ದೇಶದ ಬಹುಭಾಗವನ್ನು 1:24,000 ಪ್ರಮಾಣದಲ್ಲಿ, ಐವತ್ತು ಸಾವಿರಕ್ಕೂ ಹೆಚ್ಚು ಹಾಳೆಗಳಲ್ಲಿ ನಕ್ಷೆ ಮಾಡಿಟ್ಟಿದೆ. ನಕ್ಷೆಯ ಒಂದಂಗುಲ ನೆಲದ ಎರಡು ಸಾವಿರ ಅಡಿ. ಪಶ್ಚಿಮಘಟ್ಟದ ಚಾರಣಿಗರು ಬಳಸುವ ಸರ್ವೆ ಆಫ್ ಇಂಡಿಯಾದ 1:50,000 ಟೊಪೊಶೀಟಿಗಿಂತ ಎರಡು ಪಟ್ಟಿಗೂ ಹೆಚ್ಚು ವಿವರ. ಬೆಟ್ಟಸೀಮೆಯ ಹಾಳೆಗಳಲ್ಲಿ ಸಾಮಾನ್ಯವಾಗಿ ನಲವತ್ತು ಅಡಿಗೊಂದು ಕಂದು ಗೆರೆ. ಗೆರೆಗಳು ಒತ್ತಿಕೊಂಡರೆ ಕಡಿದು, ಅಗಲವಾದರೆ ಮಟ್ಟಸ. ಈ ನಕ್ಷೆ ಒಂದು ಪರದೆಯ ಮೇಲೆ, ಪಕ್ಕದಲ್ಲಿ ಗೂಗಲ್ ಅರ್ಥ್‌ನ ಉಪಗ್ರಹ ಚಿತ್ರ.

ಪಳಗಿದವರು ಮೊದಲು ಜಿಂಕೆಯನ್ನು ಹುಡುಕುವುದಿಲ್ಲ, ಮನುಷ್ಯರನ್ನು ಹುಡುಕುತ್ತಾರೆ. ಮೋಟಾರು ವಾಹನ ಎಲ್ಲೆಲ್ಲಿ ಹೋಗಬಹುದು ಎಂದು ಫಾರೆಸ್ಟ್ ಸರ್ವೀಸೇ ಉಚಿತ ನಕ್ಷೆ ಕೊಡುತ್ತದೆ. ಆ ದಾರಿಗಳನ್ನೆಲ್ಲ ಗುರುತು ಹಾಕಿಕೊಂಡರೆ ಅರ್ಧ ಬೆಟ್ಟಸಾಲು ತಾನಾಗಿ ಬಿಟ್ಟುಹೋಗುತ್ತದೆ. ಆಮೇಲೆ ಕಾಲುಹಾದಿಗಳು. ಆಮೇಲೆ ಹಾದಿ ಶುರುವಾಗುವಲ್ಲಿ ವಾಹನ ನಿಲ್ಲಿಸುವ ಜಾಗ ಎಷ್ಟು ದೊಡ್ಡದು ಎಂಬುದು. ಕುದುರೆ ಟ್ರೇಲರ್ ತಿರುಗಿಸುವಷ್ಟು ಅಂಗಳವಿದ್ದರೆ ಒಳಗಿನ ಹತ್ತು ಮೈಲಿವರೆಗೆ ನಿರ್ಜನವೆಂಬ ಆಸೆ ಬಿಡುವುದು ಲೇಸು. ಉಪಗ್ರಹ ಚಿತ್ರದಲ್ಲಿ ಹುಲ್ಲಿನ ನಡುವೆ ಸುಣ್ಣ ಚೆಲ್ಲಿದಂಥ ಬಿಳಿ ಚುಕ್ಕೆಗಳು ಕಂಡರೆ ಅದು ಕುರಿಮಂದೆ. ವಯೋಮಿಂಗ್ ರೇಂಜ್‌ನ ಎಷ್ಟೋ ಕೊಳ್ಳಗಳು ಬೇಸಿಗೆಗೆ ಕುರಿ ಮೇಯಿಸಲು ಗುತ್ತಿಗೆ ಹೋಗಿರುತ್ತವೆ. ದಿನವಿಡೀ ನಡೆದು ಮುಟ್ಟಿದ ಕೊಳ್ಳದಲ್ಲಿ ಪೆರು ದೇಶದಿಂದ ಕೆಲಸಕ್ಕೆ ಬಂದ ಕುರಿಗಾಹಿಯೊಬ್ಬ, ಬಿಳಿ ನಾಯಿಗಳ ನಡುವೆ ಕೂತು ಕಾಫಿ ಕಾಯಿಸುತ್ತಿರಬಹುದು. ಕುರಿ ಮೇಯ್ದ ನೆಲದಲ್ಲಿ ಜಿಂಕೆಗೆ ಉಳಿಯುವ ಮೇವೂ ಕಡಿಮೆ.

ಮನುಷ್ಯರನ್ನು ಕಳೆದ ಮೇಲೆ ಜಿಂಕೆಯ ಲೆಕ್ಕ. ಮ್ಯೂಲ್ ಡೀರ್ ದನದ ಹಾಗೆ ಸಿಕ್ಕಿದ ಹುಲ್ಲನ್ನೆಲ್ಲ ಬಳಿದು ತಿನ್ನುವ ಪ್ರಾಣಿಯಲ್ಲ. ಅದರ ಹೊಟ್ಟೆಗೆ ಎಳೆಯ, ರಸವುಳ್ಳ ಅಗಲೆಲೆಯ ಸಸ್ಯಗಳು, ಪೊದೆಯ ಚಿಗುರು ಬೇಕು. ಕರಗುವ ಹಿಮದ ಅಂಚಿನಲ್ಲಿ, ಸೆಪ್ಟೆಂಬರಿನಲ್ಲೂ ಒಸರುವ ಬುಗ್ಗೆಯ ಕೆಳಗೆ, ಹಿಮಕುಸಿತ ಮರಗಳನ್ನು ಬಳಿದುಹೋದ ಓಣಿಗಳಲ್ಲಿ, ಕೆಲವು ವರ್ಷದ ಹಿಂದೆ ಬೆಂಕಿ ಬಿದ್ದ ಇಳಿಜಾರಿನಲ್ಲಿ ಅವು ಸಿಗುತ್ತವೆ. ನಕ್ಷೆಯಲ್ಲಿ ತುಂಡು ತುಂಡಾದ ನೀಲಿ ಗೆರೆ ಎಂದರೆ ವರ್ಷವಿಡೀ ಹರಿಯದ ತೊರೆ. ಅದನ್ನು ನಂಬಿ ಗುಡಾರ ಹಾಕಿದವರು ನೀರಿಗಾಗಿ ಸಾವಿರ ಅಡಿ ಇಳಿದು ಹತ್ತಬೇಕಾಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಇರುವುದರಿಂದ, ಸುತ್ತಲೂ ಹುಲ್ಲು ಹಳದಿಯಾದಾಗ ಯಾವ ಮೂಲೆ ಮಾತ್ರ ಹಸುರಾಗಿ ಉಳಿದಿತ್ತು ಎಂದು ನೋಡಬಹುದು. ನನ್ನಂಥ ನಕ್ಷೆಯ ಹುಚ್ಚಿನವರಿಗೆ ಇದು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿಡುವ ಆಟ. ಕೋವಿ ಮುಟ್ಟುವ ಅಗತ್ಯವೇ ಇಲ್ಲ.

ತಿನ್ನಲು ಒಂದು ಕಡೆ, ಮಲಗಲು ಇನ್ನೊಂದು ಕಡೆ. ಹಗಲಿಡೀ ಗಂಡು ಜಿಂಕೆ ನೆರಳಿನಲ್ಲಿ ಮಲಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಬಂಡೆಯ ಬುಡ, ಗಾಳಿಗೆ ಕುಬ್ಜವಾದ ನಾಲ್ಕೈದು ಮರಗಳ ಗುಂಪು ಅದಕ್ಕೆ ಸಾಕು. ಬೆನ್ನಿಗೆ ಬಂಡೆ, ಕಣ್ಣಿಗೆ ಇಡೀ ಕೊಳ್ಳ, ಮೂಗಿಗೆ ಕೆಳಗಿನಿಂದ ಏರಿ ಬರುವ ಗಾಳಿ. ಬೆಳಗಿನ ತಂಪಿನಲ್ಲಿ ಬೆಟ್ಟದ ಗಾಳಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ. ಕೆಳಗಿನಿಂದ ಬರುವ ಯಾವ ಮನುಷ್ಯನ ವಾಸನೆಯೂ ಅದಕ್ಕೆ ತಲುಪದೆ ಇರದು. ಹಾಗಾಗಿ ನಕ್ಷೆಯಲ್ಲಿ ಕೊಳ್ಳ ಸಿಕ್ಕರೆ ಸಾಲದು. ಅದನ್ನು ದೂರದಿಂದ, ಒಂದೆರಡು ಕಿಲೋಮೀಟರ್ ಆಚೆಯಿಂದ ದುರ್ಬೀನಿನಲ್ಲಿ ನೋಡಲು ಎದುರು ದಿಣ್ಣೆಯೊಂದು ಬೇಕು, ಆ ದಿಣ್ಣೆಗೆ ಹಿಂಬದಿಯಿಂದ ಹತ್ತುವ ದಾರಿ ಬೇಕು, ಕೊನೆಗೆ ಮೇಲಿನಿಂದ ಇಳಿಯಲು ಏಣು ಬೇಕು. ಜುಲೈ, ಆಗಸ್ಟ್‌ನಲ್ಲಿ ಬರಿಗೈಲಿ ಹೋಗಿ ಇವನ್ನೆಲ್ಲ ಕಣ್ಣಾರೆ ನೋಡಿ ಬರುವವರಿಗೆ ಸೆಪ್ಟೆಂಬರಿನಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ಕಾಯ್ದೆ ಕಟ್ಟಿದ ನಿರ್ಜನ

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವೈಲ್ಡರ್‌ನೆಸ್ ಕಾಯ್ದೆ ಜಗತ್ತಿನ ವಿಚಿತ್ರ ಕಾಯ್ದೆಗಳಲ್ಲೊಂದು. ಏನನ್ನೂ ಕಟ್ಟದಿರುವುದೇ ಅದರ ಉದ್ದೇಶ. ಅದರಡಿ ಗುರುತಿಸಿದ ನೆಲದಲ್ಲಿ ರಸ್ತೆ ಇಲ್ಲ, ಮೋಟಾರು ಇಲ್ಲ, ಸೈಕಲ್ ಕೂಡ ಇಲ್ಲ. ಹಾದಿಗೆ ಬಿದ್ದ ಮರವನ್ನು ಫಾರೆಸ್ಟ್ ಸರ್ವೀಸಿನವರೇ ಸಾಮಾನ್ಯವಾಗಿ ಕೈಗರಗಸದಿಂದ ಕೊಯ್ಯುತ್ತಾರೆ. ಕರಡು ಬರೆದು ಎಂಟು ವರ್ಷ ಅದಕ್ಕಾಗಿ ಓಡಾಡಿದ ಹೋವರ್ಡ್ ಜಾನಿಸರ್ ಸಹಿ ಬೀಳುವ ಕೆಲವೇ ತಿಂಗಳ ಮೊದಲು ತೀರಿಕೊಂಡರು. 91 ಲಕ್ಷ ಎಕರೆಯಿಂದ ಶುರುವಾದದ್ದು ಈಗ 11 ಕೋಟಿ ಎಕರೆ ಮೀರಿದೆ. ಎರಡು ಕರ್ನಾಟಕಕ್ಕಿಂತ ಹೆಚ್ಚು, ಅದರಲ್ಲಿ ಅರ್ಧ ಅಲಾಸ್ಕದಲ್ಲೇ.

ಹಾಗಾದರೆ ವೈಲ್ಡರ್‌ನೆಸ್ ಎಂದು ಬರೆದಿರುವಲ್ಲಿಗೆ ಹೋದರಾಯಿತಲ್ಲ? ವಯೋಮಿಂಗ್‌ನಲ್ಲಿ ಇಲ್ಲೊಂದು ತಿರುವಿದೆ. ಆ ರಾಜ್ಯದ ಕಾನೂನಿನಂತೆ ಹೊರರಾಜ್ಯದ ಬೇಟೆಗಾರ ವೈಲ್ಡರ್‌ನೆಸ್‌ನೊಳಗೆ ದೊಡ್ಡ ಪ್ರಾಣಿಯ ಬೇಟೆಗೆ ಹೋಗಬೇಕಾದರೆ ಪರವಾನಗಿ ಇರುವ ಗೈಡ್ ಜೊತೆಗಿರಬೇಕು, ಇಲ್ಲವೇ ಸ್ಥಳೀಯ ನಿವಾಸಿಯೊಬ್ಬ ಇರಬೇಕು. ಅದೇ ಮನುಷ್ಯ ಗಾಳ ಹಿಡಿದು ಹೋದರೆ, ಕ್ಯಾಮೆರಾ ಹಿಡಿದು ಹೋದರೆ, ಸುಮ್ಮನೆ ನಡೆದು ಹೋದರೆ ಯಾರ ಅಡ್ಡಿಯೂ ಇಲ್ಲ. ಸುರಕ್ಷತೆಗಾಗಿ ಈ ನಿಯಮ ಎನ್ನುತ್ತಾರೆ. ಕೋವಿ ಹಿಡಿದ ಕೂಡಲೇ ಮನುಷ್ಯ ದಾರಿ ಮರೆಯುತ್ತಾನೆಂದು ನಂಬುವುದಕ್ಕಿಂತ, ಗೈಡುಗಳ ಹೊಟ್ಟೆಪಾಡಿಗಾಗಿ ಮಾಡಿದ್ದು ಎಂದು ನಂಬುವುದು ನನಗೆ ಸುಲಭ.

ಈ ಒಂದು ನಿಯಮದಿಂದ ಏನಾಗಿದೆ ನೋಡಿ. ಗೈಡಿಗೆ ದುಡ್ಡು ಸುರಿಯಲಾರದ ಹೊರರಾಜ್ಯದವರೆಲ್ಲ ವೈಲ್ಡರ್‌ನೆಸ್ ಎಂಬ ಮುದ್ರೆ ಬೀಳದ ಬೆಟ್ಟಗಳಿಗೆ ಮುಗಿಬೀಳುತ್ತಾರೆ. ವಯೋಮಿಂಗ್ ರೇಂಜ್, ಅದರ ಪಕ್ಕದ ಸಾಲ್ಟ್ ರಿವರ್ ರೇಂಜ್ ಅಂಥವು. 11 ಸಾವಿರ ಅಡಿ ದಾಟುವ ಶಿಖರ, ಒಳ್ಳೆಯ ಮೇವು, ದೊಡ್ಡ ಕೊಂಬಿನ ಗಂಡುಗಳಿಗೆ ದೇಶದುದ್ದ ಹೆಸರು, ಗೈಡ್ ಬೇಕಿಲ್ಲ. 2009ರಲ್ಲಿ ಸಂಸತ್ತು ಅಲ್ಲಿನ 12 ಲಕ್ಷ ಎಕರೆಯಲ್ಲಿ ತೈಲ, ಅನಿಲದ ಹೊಸ ಗುತ್ತಿಗೆ ನಿಲ್ಲಿಸಿತು. ಮುಂದೆ ನಿಂತು ಒತ್ತಾಯಿಸಿದವರಲ್ಲಿ ಬೇಟೆಗಾರರೂ ಇದ್ದರು. ನಕ್ಷೆಯಲ್ಲಿ ಕಾಡೆಂದು ಕಾಣುವ ಕೊಳ್ಳದಲ್ಲಿ ಸೆಪ್ಟೆಂಬರ್ 14ರ ಸಂಜೆ ದಿಣ್ಣೆಗೊಂದು ಗುಡಾರವಿದ್ದರೆ ಅದರಲ್ಲಿ ಈ ನಿಯಮದ ಪಾಲೂ ಇದೆ.

ಇನ್ನು ದೂರದ ಮಾತು. ಅಲಾಸ್ಕ, ಹವಾಯಿ ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿ ರಸ್ತೆಯಿಂದ ಅತ್ಯಂತ ದೂರದ ಜಾಗ ಥೊರೊಫೇರ್ ಎಂಬ ಕಣಿವೆಸೀಮೆ. ಯೆಲ್ಲೊಸ್ಟೋನ್ ಉದ್ಯಾನದ ಆಗ್ನೇಯ ಮೂಲೆ, ಟೀಟಾನ್ ವೈಲ್ಡರ್‌ನೆಸ್‌ಗೆ ತಾಗಿದಂತೆ. ಅತ್ಯಂತ ದೂರ ಎಂದರೆ ಎಷ್ಟು? ಯಾವ ದಿಕ್ಕಿಗೆ ಹೋದರೂ ರಸ್ತೆ ಸಿಗಲು ಸುಮಾರು 20 ಮೈಲಿ. ಅಷ್ಟೇ. ಇಡೀ ಖಂಡದಗಲದ ದೇಶದಲ್ಲಿ ರಸ್ತೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿರುವ ದೂರ ಎರಡು ದಿನದ ನಡಿಗೆ. ಅದೂ ಕುದುರೆಗೆ ಒಂದು ದಿನ. ಶರತ್ಕಾಲದಲ್ಲಿ ಆ ಸೀಮೆಗೆ ಗೈಡುಗಳ ಕುದುರೆ, ಹೇಸರಗತ್ತೆಗಳ ಸಾಲು ಕ್ಯಾನ್ವಾಸ್ ಗುಡಾರ, ಕಬ್ಬಿಣದ ಒಲೆ ಹೊತ್ತು ಹೋಗುತ್ತದೆ.

ಮೈಲಿಯನ್ನೇ ನಂಬಿದವರು ಸೋಲುವುದು ಇಲ್ಲೇ. ಎಂಟು ಮೈಲಿ ಒಳಗಿದ್ದರೂ ಹಾದಿ ಸಲೀಸಾಗಿದ್ದರೆ ಜನ ಬರುತ್ತಾರೆ. ರಸ್ತೆಯಿಂದ ಒಂದೂವರೆ ಮೈಲಿ ಇದ್ದರೂ ಹಾದಿಯಿಲ್ಲದ ಎರಡು ಸಾವಿರ ಅಡಿ ಏರು, ನಡುವೆ ಬೆಂಕಿಗೋ ಹುಳುವಿಗೋ ಸತ್ತು ಒಂದರ ಮೇಲೊಂದು ಬಿದ್ದ ಮರಗಳು, ಮೇಲೆ ಹೋದರೆ ನೀರಿಲ್ಲ ಎಂದರೆ ಬರುವವರು ಕಡಿಮೆ. ಜನ ದೂರಕ್ಕೆ ಹೆದರುವುದಕ್ಕಿಂತ ತಾಪತ್ರಯಕ್ಕೆ ಹೆದರುತ್ತಾರೆ. ವಯಸ್ಸಾದ ಗಂಡು ಜಿಂಕೆ ಎಷ್ಟೋ ಸಲ ರಸ್ತೆಯ ನೇರ ಮೇಲಿನ ಇಂಥ ಮಡಿಕೆಯಲ್ಲಿ ಮಲಗಿ ಕೆಳಗಿನ ಪಿಕಪ್ ಟ್ರಕ್ಕುಗಳನ್ನು ನೋಡುತ್ತಿರುತ್ತದೆ. ಹತ್ತು ಮೈಲಿ ಒಳಗೆ ಹೋದವರು ಅದನ್ನು ದಾಟಿಕೊಂಡೇ ಹೋಗಿರುತ್ತಾರೆ.

ದೂರ ಹೋದವರಿಗೆ ಇನ್ನೊಂದು ಲೆಕ್ಕ ಕಾದಿರುತ್ತದೆ. ಗುರಿ ಮುಟ್ಟಿದರೆ ಕೆಲಸ ಆಗ ಶುರು. ತಿನ್ನುವ ಮಾಂಸವನ್ನು ಕಾಡಲ್ಲೇ ಬಿಟ್ಟು ಬರುವುದು ಅಲ್ಲಿ ಅಪರಾಧ. ಬರೀ ಕೊಂಬು ಹೊತ್ತು ತಂದವನಿಗೆ ದಂಡ ಬೀಳುತ್ತದೆ, ಪರವಾನಗಿಯೂ ಹೋಗಬಹುದು. ಮೂಳೆ ಬಿಡಿಸಿದರೂ ಒಂದು ಗಂಡಿನ ಮಾಂಸ ಮೂವತ್ತು ಕಿಲೋಗೆ ಕಡಿಮೆ ಇಲ್ಲ. ಬೆನ್ನಿಗೆ ಆಗಲೇ ಇಪ್ಪತ್ತು ಕಿಲೋ ಬಿಡಾರವಿದೆ. ಒಂದೇ ಸಲಕ್ಕೆ ಹೊತ್ತರೆ ಮಂಡಿ ಹೋಗುತ್ತದೆ, ಎರಡು ಸಲ ಹೊತ್ತರೆ ಎಂಟು ಮೈಲಿ ಇಪ್ಪತ್ತನಾಲ್ಕಾಗುತ್ತದೆ. ಸೆಪ್ಟೆಂಬರಿನ ಮಧ್ಯಾಹ್ನ ಬಿಸಿಲಿಗೆ ಮಾಂಸ ಕೆಡುತ್ತದೆ. ಗ್ರಿಜ್ಲಿ ಕರಡಿಗಳ ಸೀಮೆಯಾದರೆ ಅದನ್ನು ನೆಲದಿಂದ ಹತ್ತಡಿ ಮೇಲೆ, ಕಾಂಡದಿಂದ ನಾಲ್ಕಡಿ ಆಚೆ ತೂಗುಹಾಕಬೇಕು. ಹಾಗಾಗಿ ಅನುಭವಸ್ಥರು ನಕ್ಷೆಯ ಮೇಲೆ ಗೆರೆ ಎಳೆಯುವಾಗ ಹೋಗುವ ದಾರಿಗಿಂತ ಹೊತ್ತು ಬರುವ ದಾರಿಯನ್ನು ಮೊದಲು ನೋಡುತ್ತಾರೆ. ಕುದುರೆಯಿಲ್ಲದ ಒಂಟಿ ಮನುಷ್ಯನಿಗೆ ಎಷ್ಟು ದೂರ ಸರಿ ಎಂಬುದನ್ನು ಸತ್ತ ಜಿಂಕೆಯ ತೂಕ ತೀರ್ಮಾನಿಸುತ್ತದೆ.

ಜಿಂಕೆಯ ಎರಡನೇ ವಿಳಾಸ

ಈ ಹುಡುಕಾಟದಲ್ಲಿ ನನಗೆ ಬಹಳ ಕಾಡಿದ್ದು ಬೇರೆಯೇ ಒಂದು ಸಂಗತಿ. ಹನ್ನೊಂದು ಸಾವಿರ ಅಡಿಯಲ್ಲಿ, ರಸ್ತೆಯ ಸದ್ದೂ ಕೇಳದ ಕೊಳ್ಳದಲ್ಲಿ ಸಿಗುವ ಜಿಂಕೆ ಆ ಕೊಳ್ಳದ್ದಲ್ಲ. ಅಲ್ಲಿ ಅದು ಬೇಸಿಗೆಯ ಬಿಡಾರ ಹೂಡಿರುತ್ತದೆ ಅಷ್ಟೆ. ಹಿಮ ಬಿದ್ದ ಕೂಡಲೇ ಇಳಿಯುತ್ತದೆ, ಇಳಿದು ಎಲ್ಲಿಗೆ ಹೋಗುತ್ತದೆ ಎಂಬುದು ತೀರಾ ಇತ್ತೀಚಿನವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ಜೀವಿವಿಜ್ಞಾನಿ ಹಾಲ್ ಸಾಯರ್ ದಕ್ಷಿಣ ವಯೋಮಿಂಗ್‌ನ ರೆಡ್ ಡೆಸರ್ಟ್ ಎಂಬ ಒಣಬಯಲಿನ ಜಿಂಕೆಗಳಿಗೆ ಜಿಪಿಎಸ್ ಕಾಲರ್ ಹಾಕಿದಾಗ ಅವು ಅಲ್ಲೇ ಸುತ್ತಾಡಿಕೊಂಡಿರುತ್ತವೆ ಎಂದೇ ಎಲ್ಲರ ಎಣಿಕೆ. ವಸಂತ ಬಂದಾಗ ಅವು ಎದ್ದು ಉತ್ತರಕ್ಕೆ ಹೊರಟು, ವಿಂಡ್ ರಿವರ್ ಪರ್ವತಗಳ ಪಶ್ಚಿಮದ ತಪ್ಪಲು ಹಿಡಿದು 150 ಮೈಲಿ ನಡೆದು ಹೋಬ್ಯಾಕ್ ಕಣಿವೆ ಮುಟ್ಟಿದವು. 2014ರಲ್ಲಿ ಈ ದಾರಿ ಬಹಿರಂಗವಾಯಿತು. ಆಮೇಲೆ 255 ಎಂಬ ಸಂಖ್ಯೆಯ ಒಂದು ಹೆಣ್ಣು ಅಲ್ಲಿಗೂ ನಿಲ್ಲದೆ ಐಡಹೊ ರಾಜ್ಯದವರೆಗೆ, 242 ಮೈಲಿ ನಡೆದುಹೋಯಿತು. ಹಿಮ ಕರಗಿದ ಹಿಂದೆಯೇ ಮೇಲೇಳುವ ಚಿಗುರಿನ ಬೆನ್ನು ಹಿಡಿದು ಅವು ಹತ್ತುತ್ತವೆ. ತಾಯಿಯ ಹಿಂದೆ ಒಮ್ಮೆ ನಡೆದ ದಾರಿಯನ್ನು ಬಿಡುವುದಿಲ್ಲ.

ದಾರಿಯಲ್ಲಿ ಬೇಲಿ, ಹೆದ್ದಾರಿ, ಬಡಾವಣೆ, ಅನಿಲದ ಬಾವಿ ಎಲ್ಲವೂ ಇವೆ. ಪೈನ್‌ಡೇಲ್ ಊರಿನ ಬಳಿಯ ಅನಿಲ ಕ್ಷೇತ್ರದಲ್ಲಿ ಹದಿನೈದು ವರ್ಷ ಗಮನಿಸಿದರೂ ಜಿಂಕೆಗಳು ಬಾವಿಗಳಿಗೆ ಒಗ್ಗಿಕೊಳ್ಳಲಿಲ್ಲ, ದೂರವೇ ಸರಿದುಕೊಂಡವು, ಸಂಖ್ಯೆಯೂ ಕುಸಿಯಿತು. ವಯೋಮಿಂಗ್ ರೇಂಜ್‌ನ ಜಿಂಕೆಗಳು ಚಳಿಗಾಲ ಕಳೆಯುವುದು ಇಂಥದೇ ಸೇಜ್ ಪೊದೆಗಳ ತಗ್ಗುಸೀಮೆಯಲ್ಲಿ. 2022–23ರ ಚಳಿಗಾಲ ಅಲ್ಲಿ ಹಿಮ ಗಟ್ಟಿಯಾಗಿ ಕೂತು ಮೇವು ಮುಚ್ಚಿತು. ವಯೋಮಿಂಗ್ ವಿಶ್ವವಿದ್ಯಾಲಯದ ಕೆವಿನ್ ಮೊಂಟೀತ್ ತಂಡ ಕಾಲರ್ ಹಾಕಿ ಹಿಂಬಾಲಿಸುತ್ತಿದ್ದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಬಲಿತ ಹೆಣ್ಣುಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತವು. ಆ ವರ್ಷ ಬೇಟೆಯ ಅವಧಿ ಮೊಟಕಾಯಿತು, ಹೊರರಾಜ್ಯದವರ ಚೀಟಿ ಕಡಿತವಾಯಿತು. ಚಳಿಗಾಲವಿಡೀ ನಕ್ಷೆ ನೋಡಿ ಕೊಳ್ಳ ಗುರುತು ಮಾಡಿಟ್ಟುಕೊಂಡವರಿಗೆ ಕೊಳ್ಳ ಹಾಗೇ ಇತ್ತು, ಜಿಂಕೆ ಇರಲಿಲ್ಲ.

ಮನುಷ್ಯರಿಗೂ ಈ ಎತ್ತರಗಳು ಹೊಸವಲ್ಲ. ವಿಂಡ್ ರಿವರ್ ಪರ್ವತದಲ್ಲಿ 10,500 ಅಡಿಗೂ ಮೇಲೆ, ಇಂದು ಬೆನ್ನಚೀಲದವರು ತಾವೇ ಮೊದಲು ಬಂದೆವೆಂದು ಹೆಮ್ಮೆಪಡುವಂಥ ಇಳಿಜಾರಿನಲ್ಲಿ, 2006ರಲ್ಲಿ ಪುರಾತತ್ವಜ್ಞರಿಗೆ ಅರವತ್ತಕ್ಕೂ ಹೆಚ್ಚು ಗುಡಿಸಲುಗಳ ನೆಲೆ ಸಿಕ್ಕಿತು. ಬೀಸುವ ಕಲ್ಲುಗಳೂ ಇದ್ದವು. ಶೋಶೋನಿ ಜನರ ಪೂರ್ವಿಕರು ಬೇಸಿಗೆಯಲ್ಲಿ ಸಂಸಾರ ಸಮೇತ ಹತ್ತಿ, ಪೈನ್ ಬೀಜ ಬೀಸಿ ತಿಂದು, ಬೇಟೆಯಾಡಿ ಇಳಿಯುತ್ತಿದ್ದ ಊರದು. ಜಿಂಕೆಗಳ ಹಾಗೆಯೇ.

ನಿರ್ಜನವನ್ನು ಕಾಯ್ದೆ ಕಟ್ಟಿದ್ದರೆ ಕಾಯ್ದೆ ಕೆಡವಲೂಬಹುದು. 2001ರ ನಿಯಮವೊಂದು ಸುಮಾರು 5.85 ಕೋಟಿ ಎಕರೆ ರಾಷ್ಟ್ರೀಯ ಅರಣ್ಯದಲ್ಲಿ ಹೊಸ ರಸ್ತೆ ಕಡಿಯುವುದನ್ನು ತಡೆದಿತ್ತು. ಅದನ್ನು ರದ್ದು ಮಾಡುವುದಾಗಿ ಅಮೆರಿಕದ ಕೃಷಿ ಇಲಾಖೆ 2025ರ ಜೂನ್‌ನಲ್ಲಿ ಘೋಷಿಸಿತು. ಅದೇ ತಿಂಗಳು ಯೂಟಾ ರಾಜ್ಯದ ಸೆನೆಟರ್ ಮೈಕ್ ಲೀ ಪಶ್ಚಿಮದ ಸಾರ್ವಜನಿಕ ಭೂಮಿಯ ಒಂದು ಪಾಲನ್ನು ಮಾರುವ ಪ್ರಸ್ತಾಪ ತಂದು, ಬೇಟೆಗಾರರೂ ಪರಿಸರವಾದಿಗಳೂ ಒಟ್ಟಿಗೇ ತಿರುಗಿಬಿದ್ದದ್ದರಿಂದ ಕೈಬಿಡಬೇಕಾಯಿತು. ಬೇರೆ ಯಾವ ವಿಷಯಕ್ಕೂ ಒಂದೇ ಬೆಂಚಿನಲ್ಲಿ ಕೂರದ ಜನ ಇವರು.

ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿದೆ. ವಯೋಮಿಂಗ್‌ನ 30ನೇ ಹೆದ್ದಾರಿಯ ನಗೆಟ್ ಕ್ಯಾನ್ಯನ್‌ನಲ್ಲಿ ಬೇಲಿ ಹಾಕಿ ಏಳು ಕೆಳದಾರಿ ಕಟ್ಟಿದ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವ ಜಿಂಕೆಗಳು ಶೇ 80ರಷ್ಟು ಕಡಿಮೆಯಾದವು. ಮೂರು ವರ್ಷದಲ್ಲಿ ಸುಮಾರು 50 ಸಾವಿರ ಸಲ ಜಿಂಕೆಗಳು ಆ ಕಾಂಕ್ರೀಟ್ ಕೆಳದಾರಿಗಳಲ್ಲಿ ಹಾದುಹೋದವು. ವಯೋಮಿಂಗ್ ರೇಂಜ್‌ನ ಜಿಂಕೆಗಳು ಚಳಿಗಾಲಕ್ಕೆ ಇಳಿಯುವ ಲಾಬಾರ್ಜ್, ಬಿಗ್ ಪೈನಿ ಊರುಗಳ ನಡುವಿನ 189ನೇ ಹೆದ್ದಾರಿಗೆ 2023ರಲ್ಲಿ ಇಂಥವೇ ಒಂಬತ್ತು ಬಂದವು. ಬಹುಪಾಲು ಹಣ ಕೇಂದ್ರದ ಅನುದಾನ. ಕೈಜೋಡಿಸಿದವರಲ್ಲಿ ಬೇಟೆಯ ಚೀಟಿ ಮಾರಿ ಬದುಕುವ ರಾಜ್ಯದ ವನ್ಯಜೀವಿ ಇಲಾಖೆಯೂ ಇದೆ. ರಸ್ತೆಯೇ ಇಲ್ಲದ ಕೊಳ್ಳ ಬೇಕೆಂದು ಅರ್ಜಿ ಹಾಕುವವರ ದುಡ್ಡಿನಲ್ಲಿ ಒಂದಿಷ್ಟು ಹೀಗೆ ಹೆದ್ದಾರಿಯ ಅಡಿಗೆ ಹೋಗಿದೆ.